ರೋಲ್‌ಓವರ್ ಲೇನ್: ಹಳೆಯ ಪಿನ್‌ಬಾಲ್ ಯಂತ್ರವನ್ನು ಓದುವ, ಆಡುವ ಮತ್ತು ಸರಿಪಡಿಸುವ ಕ್ರಮ

ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಓಡಿಸಿ ಅಂಕ ಗಳಿಸುವ ಹಳೆಯ ಪಿನ್‌ಬಾಲ್ ಯಂತ್ರದ ಗಾಜಿನ ಕೆಳಗಿರುವ ಭಾಗಗಳಲ್ಲಿ ಅತ್ಯಂತ ಕಡಿಮೆ ಸದ್ದು ಮಾಡುವುದು ರೋಲ್‌ಓವರ್ ಲೇನ್, ಅಂದರೆ ಚೆಂಡು ಉರುಳಿ ಹಾಯುವ ಕಿರಿದಾದ ಓಣಿ. ಬಂಪರ್ ಚೆಂಡನ್ನು ಒದೆಯುತ್ತದೆ, ಆಟಗಾರ ಗುಂಡಿ ಒತ್ತಿದಾಗ ಏಳುವ ಫ್ಲಿಪ್ಪರ್ ಬಡಿಯುತ್ತದೆ, ಟಾರ್ಗೆಟ್ ಏಟು ತಿನ್ನುತ್ತದೆ. ಲೇನ್ ಮಾತ್ರ ಚೆಂಡನ್ನು ತಡೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಹಾದುಹೋಗಲು ದಾರಿ ಬಿಟ್ಟು, ಹಾದದ್ದನ್ನು ಗುರುತು ಹಾಕಿಕೊಳ್ಳುತ್ತದೆ. ಹೊಸ ಆಟಗಾರರು ಅದನ್ನು ಕಡೆಗಣಿಸುವುದೂ, ಯಂತ್ರವನ್ನು ರಿಪೇರಿ ಮಾಡಲು ಹೊರಟವರು ಅದರ ತೊಂದರೆಯನ್ನು ತಪ್ಪು ಜಾಗದಲ್ಲಿ ಹುಡುಕುವುದೂ ಇದೇ ಕಾರಣಕ್ಕೆ.

ಯಾವುದೇ ರೋಲ್‌ಓವರ್ ಲೇನನ್ನು ಮೂರು ಭಾಗಗಳಾಗಿ ಬಿಡಿಸಿ ನೋಡಬೇಕು. ಚೆಂಡು ಬಂದದ್ದನ್ನು ತಿಳಿಯುವ ಸ್ವಿಚ್ ಮೊದಲನೆಯದು. ಬಂದದ್ದನ್ನು ಹಿಡಿದಿಟ್ಟುಕೊಂಡು ದೀಪದ ಮೂಲಕ ತೋರಿಸುವ ನೆನಪು ಎರಡನೆಯದು. ಆ ನೆನಪಿನ ಆಧಾರದ ಮೇಲೆ ಅಂಕ, ಬೋನಸ್ ಅಥವಾ ಹೆಚ್ಚುವರಿ ಆಟವನ್ನು ಕೊಡುವ ಪ್ರತಿಫಲದ ಏರ್ಪಾಡು ಮೂರನೆಯದು. ಸ್ವಿಚ್ಚು ದಶಕಗಳ ಕಾಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಉಳಿಯಿತು. ಬದಲಾಗುತ್ತ ಹೋದದ್ದು ನೆನಪು. ಲೇನಿನ ಆಟವೆಲ್ಲ ನಿಂತಿರುವುದೂ ಅದರ ಮೇಲೆಯೇ. ಈ ಲೇಖನದ ಎಲ್ಲ ಹೆಜ್ಜೆಗಳೂ, ಕೊನೆಯಲ್ಲಿ ಬರುವ ರಿಪೇರಿಯ ಭಾಗವೂ, ಈ ವಿಂಗಡಣೆಯನ್ನೇ ಅನುಸರಿಸುತ್ತವೆ.

ಮೊದಲು ಹಲಗೆಯನ್ನು ಓದಿ

ಚೆಂಡನ್ನು ಹೊಡೆಯುವ ಮೊದಲು ಆಟದ ಹಲಗೆಯ ಮೇಲೆ ಎಷ್ಟು ಲೇನ್‌ಗಳಿವೆ, ಎಲ್ಲಿವೆ ಎಂಬುದನ್ನು ನೋಡಿಕೊಳ್ಳಬೇಕು. ಹಲಗೆಯ ತುದಿಯಲ್ಲಿ, ಎಳೆದು ಬಿಡುವ ಸ್ಪ್ರಿಂಗಿನ ಕೋಲಾದ ಪ್ಲಂಜರ್‌ನಿಂದ ಹೊರಟ ಚೆಂಡು ಕಮಾನಿನ ಸುತ್ತ ತಿರುಗಿ ಕೆಳಗಿಳಿಯುವ ಜಾಗದಲ್ಲಿ, ಸಾಮಾನ್ಯವಾಗಿ ಎರಡರಿಂದ ಐದು ಲೇನ್‌ಗಳು ಪಕ್ಕಪಕ್ಕದಲ್ಲಿರುತ್ತವೆ. ಇವು ಮೇಲಿನ ಲೇನ್‌ಗಳು. ಹಲಗೆಯ ಎಡಬಲ ಅಂಚುಗಳಲ್ಲಿ ಚೆಂಡು ಮೇಲಕ್ಕೋ ಕೆಳಕ್ಕೋ ಹಾಯುವ ಪಕ್ಕದ ಲೇನ್‌ಗಳು ಇರಬಹುದು. ಕೆಳಭಾಗದಲ್ಲಿ ಫ್ಲಿಪ್ಪರಿನ ಬೆನ್ನಿಗೆ ಚೆಂಡನ್ನು ತಂದುಕೊಡುವ ಒಳಲೇನ್ ಇದ್ದರೆ, ಅದರ ಹೊರಗೆ ಚೆಂಡನ್ನು ನೇರವಾಗಿ ಕಳೆದುಬಿಡುವ ಹೊರಲೇನ್ ಇರುತ್ತದೆ. ಬಹಳ ಹಳೆಯ ಯಂತ್ರಗಳಲ್ಲಿ ಒಳಲೇನ್ ಇಲ್ಲದೆ ಬರೀ ಹೊರಲೇನ್ ಇರುವುದುಂಟು.

ಜಾಗ ತಿಳಿದ ಮೇಲೆ ಬರಹವನ್ನು ಓದಬೇಕು. ಪ್ರತಿ ಲೇನಿನ ಬಳಿ ಹಲಗೆಯಲ್ಲಿ ಕೂರಿಸಿದ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಯ ಕೆಳಗೆ ಒಂದು ಬಲ್ಬು ಇರುತ್ತದೆ. ಬಿಲ್ಲೆಯ ಮೇಲೆ ಅಥವಾ ಪಕ್ಕದಲ್ಲಿ ಒಂದು ಅಕ್ಷರವೋ, ಅಂಕಿಯೋ, ‘ದೀಪ ಹೊತ್ತಿದಾಗ ಇಷ್ಟು ಅಂಕ’ ಎಂಬ ಅರ್ಥದ ಮಾತೋ ಅಚ್ಚಾಗಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಲವು ಯಂತ್ರಗಳಲ್ಲಿ ದೀಪ ಹೊತ್ತಿರುವುದೆಂದರೆ ‘ಈ ಲೇನ್ ಇನ್ನೂ ಬಾಕಿ ಇದೆ’ ಎಂದು ಅರ್ಥ, ಚೆಂಡು ಹಾದೊಡನೆ ದೀಪ ಆರುತ್ತದೆ. ಇನ್ನು ಕೆಲವುಗಳಲ್ಲಿ ಹಾದ ಮೇಲೆಯೇ ದೀಪ ಹೊತ್ತಿ, ‘ಈ ಲೇನ್ ಮುಗಿಯಿತು’ ಎಂದು ಸೂಚಿಸುತ್ತದೆ. ಸರಿಸುಮಾರು ಹೇಳುವುದಾದರೆ ರಿಲೇ (ವಿದ್ಯುತ್ತಿನಿಂದ ಎಳೆಯಲ್ಪಡುವ ಸ್ವಿಚ್ಚು) ಯುಗದ ಯಂತ್ರಗಳಲ್ಲಿ ಮೊದಲ ಪದ್ಧತಿ ಹೆಚ್ಚು, ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಎರಡನೆಯದು ಹೆಚ್ಚು. ಆದರೆ ಇದನ್ನು ನಿಯಮವೆಂದು ನಂಬದೆ, ಒಂದು ಚೆಂಡನ್ನು ಹಾಯಿಸಿ ನೋಡಿಕೊಳ್ಳುವುದೇ ಒಳ್ಳೆಯದು. ಗಾಜಿನ ಕೆಳತುದಿಯಲ್ಲಿ ಇಟ್ಟಿರುವ ಸೂಚನೆಯ ಚೀಟಿಯಲ್ಲಿ ಎಲ್ಲ ಲೇನ್‌ಗಳನ್ನು ಮುಗಿಸಿದರೆ ಏನು ಸಿಗುತ್ತದೆ ಎಂಬುದು ಬರೆದಿರುತ್ತದೆ. ಆಟಗಾರರಲ್ಲಿ ಹೆಚ್ಚಿನವರು ಓದದೆ ಬಿಡುವ, ಓದಿದರೆ ಹೆಚ್ಚು ಲಾಭ ಕೊಡುವ ಚೀಟಿ ಅದು.

ತಂತಿ ಮತ್ತು ಲೋಹದ ಪಟ್ಟಿ

ಲೇನಿನ ನಡುವೆ ಹಲಗೆಯನ್ನು ಉದ್ದಕ್ಕೆ ಸೀಳಿದಂತೆ ಒಂದು ಕಿರಿದಾದ ಸೀಳುಗಂಡಿ ಇರುತ್ತದೆ. ಅದರೊಳಗಿನಿಂದ ಬಾಗಿದ ಉಕ್ಕಿನ ತಂತಿಯೊಂದು ಮೇಲಕ್ಕೆ ತಲೆ ಎತ್ತಿರುತ್ತದೆ. ಚೆಂಡು ಸುಮಾರು 27 ಮಿಲಿಮೀಟರ್ ವ್ಯಾಸದ, ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು. ಅದು ತಂತಿಯ ಮೇಲೆ ಉರುಳಿದಾಗ ತಂತಿ ಹಲಗೆಯ ಮಟ್ಟಕ್ಕೆ ತಗ್ಗುತ್ತದೆ, ತಂತಿಯ ಇನ್ನೊಂದು ತುದಿ ಹಲಗೆಯ ಅಡಿಯಲ್ಲಿರುವ ಸ್ವಿಚ್ಚಿನ ಉದ್ದದ ಲೋಹದ ಪಟ್ಟಿಯನ್ನು ಒತ್ತುತ್ತದೆ, ಆ ಪಟ್ಟಿಯ ತುದಿಯಲ್ಲಿರುವ ಸಂಪರ್ಕದ ಬಿಂದು ಎದುರಿನ ಗಿಡ್ಡ ಪಟ್ಟಿಯ ಬಿಂದುವನ್ನು ಮುಟ್ಟುತ್ತದೆ. ಚೆಂಡು ದಾಟಿದೊಡನೆ ಪಟ್ಟಿಯ ಸ್ವಂತ ಬಿಗಿಯೇ ತಂತಿಯನ್ನು ಮತ್ತೆ ಮೇಲಕ್ಕೆತ್ತುತ್ತದೆ. ಕೆಲವು ಕಡೆ ತಂತಿಯ ಬದಲು ದುಂಡನೆಯ ರಂಧ್ರದಲ್ಲಿ ನಕ್ಷತ್ರದ ಆಕಾರದ ಅಥವಾ ಬಟನ್ನಿನಂಥ ಪ್ಲಾಸ್ಟಿಕ್ ಗುಬುಟು ಇರುತ್ತದೆ. ಚೆಂಡು ಯಾವ ದಿಕ್ಕಿನಿಂದ ಬಂದರೂ ಗುಬುಟು ಒತ್ತಲ್ಪಡುವುದರಿಂದ, ಗೋಡೆಗಳಿಲ್ಲದ ಬಯಲು ಜಾಗಕ್ಕೆ ಅದು ಹೊಂದುತ್ತದೆ; ತಂತಿ ಮಾತ್ರ ಅದರ ಉದ್ದಕ್ಕೆ ಬರುವ ಚೆಂಡಿಗೇ ಸರಿ. ಲೇನಿನ ಎರಡು ಬದಿಯ ಗೋಡೆಗಳು ಚೆಂಡಿನ ವ್ಯಾಸಕ್ಕಿಂತ ಸ್ವಲ್ಪವೇ ಹೆಚ್ಚು ಅಂತರದಲ್ಲಿರುವುದು, ಚೆಂಡು ತಂತಿಯನ್ನು ತಪ್ಪಿಸಿಕೊಂಡು ಪಕ್ಕದಿಂದ ಜಾರದಿರಲಿ ಎಂದು.

ನಂತರದ ಯಂತ್ರಗಳಲ್ಲಿ ತೆರೆದ ಪಟ್ಟಿಗಳ ಬದಲು ಮುಚ್ಚಿದ ಪೆಟ್ಟಿಗೆಯ ಮೈಕ್ರೊಸ್ವಿಚ್ ಬಂದಿತು. ಕೆಲಸ ಅದೇ, ಧೂಳಿನ ಕಾಟ ಕಡಿಮೆ. ಆದರೆ ಪಟ್ಟಿಯ ಸ್ವಿಚ್ಚಿಗೆ ಒಂದು ಗುಣವಿದೆ: ಕಣ್ಣಿಗೆ ಕಾಣುತ್ತದೆ, ಕೈಯಿಂದ ಹೊಂದಿಸಬಹುದು. ಅದರ ಇನ್ನೊಂದು ವಿಶೇಷವೆಂದರೆ ಒಂದೇ ತಂತಿ ಒಂದರ ಮೇಲೊಂದು ಜೋಡಿಸಿದ ಎರಡು ಮೂರು ಜೊತೆ ಪಟ್ಟಿಗಳನ್ನು ಒಟ್ಟಿಗೆ ಒತ್ತಬಲ್ಲದು. ರಿಲೇ ಯುಗದ ಯಂತ್ರದಲ್ಲಿ ಒಂದು ಜೊತೆ ಅಂಕ ಕೊಡಲು, ಇನ್ನೊಂದು ಜೊತೆ ಲೇನನ್ನು ಗುರುತು ಹಾಕಲು ಇರುವುದು ಸಾಮಾನ್ಯ. ಅಂಕ ಬಂದರೂ ದೀಪ ಬದಲಾಗದ ಸಮಸ್ಯೆಗೆ ಉತ್ತರ ಬಹಳ ಸಲ ಇಲ್ಲಿಯೇ ಸಿಗುತ್ತದೆ.

ರಿಲೇ ಹೇಗೆ ನೆನಪಿಡುತ್ತದೆ

ಕಂಪ್ಯೂಟರ್ ಇಲ್ಲದ ಯಂತ್ರ ನೆನಪಿಡುವುದು ಹೇಗೆ ಎಂಬುದೇ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. 1970ರ ದಶಕದ ಉತ್ತರಾರ್ಧದವರೆಗೆ ಪಿನ್‌ಬಾಲ್ ಯಂತ್ರಗಳು ಸ್ವಿಚ್ಚು, ರಿಲೇ, ಮೋಟರ್ ಮತ್ತು ವಿದ್ಯುತ್ತು ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿಗಳಾದ ಕಾಯಿಲ್‌ಗಳಿಂದಲೇ ನಡೆಯುತ್ತಿದ್ದವು. ಚೆಂಡು ತಂತಿಯ ಮೇಲೆ ಇರುವುದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು. ಚೆಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಸಾಗುತ್ತ ತಂತಿಯನ್ನು 3 ಸೆಂಟಿಮೀಟರ್ ದೂರ ಒತ್ತಿ ಹಿಡಿಯಿತು ಎಂದುಕೊಂಡರೆ, ಸ್ವಿಚ್ಚು ಮುಚ್ಚಿರುವುದು, ಅಂದರೆ ಅದರ ಬಿಂದುಗಳು ತಾಗಿರುವುದು, 15 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಹರಿದ ವಿದ್ಯುತ್ತು ಒಂದು ಗುರುತನ್ನು ಬಿಟ್ಟುಹೋಗಬೇಕು.

ಮೂರು ಮೇಲಿನ ಲೇನ್‌ಗಳಿಗೆ ಎ, ಬಿ, ಸಿ ಎಂದು ಹೆಸರಿದೆ ಎಂದು ಭಾವಿಸೋಣ. ಪ್ರತಿಯೊಂದಕ್ಕೂ ಒಂದೊಂದು ರಿಲೇ ಇದೆ. ಚೆಂಡು ಎ ಲೇನನ್ನು ಹಾದಾಗ ಎ ರಿಲೇಯ ಕಾಯಿಲಿಗೆ ವಿದ್ಯುತ್ತು ಹರಿದು ಅದು ತನ್ನ ಕಬ್ಬಿಣದ ತಟ್ಟೆಯನ್ನು ಎಳೆದುಕೊಳ್ಳುತ್ತದೆ. ಆ ತಟ್ಟೆ ಚಲಿಸುವಾಗ ರಿಲೇಯ ಮೇಲಿರುವ ಹಲವು ಪಟ್ಟಿ ಸ್ವಿಚ್ಚುಗಳನ್ನು ಒಟ್ಟಿಗೆ ಬದಲಾಯಿಸುತ್ತದೆ. ಅವುಗಳಲ್ಲಿ ಒಂದು ಸ್ವಿಚ್ಚು ಅದೇ ಕಾಯಿಲಿಗೆ ಇನ್ನೊಂದು ದಾರಿಯಿಂದ ವಿದ್ಯುತ್ತು ಕೊಡುತ್ತದೆ. ಚೆಂಡು ದಾಟಿ ಲೇನಿನ ಸ್ವಿಚ್ಚು ತೆರೆದುಕೊಂಡರೂ ರಿಲೇ ತನ್ನನ್ನು ತಾನೇ ಹಿಡಿದುಕೊಂಡು ನಿಲ್ಲುತ್ತದೆ. ಆ ಎರಡನೆಯ ದಾರಿಯನ್ನು ಯಂತ್ರ ಬೇರೆಲ್ಲೋ ಕತ್ತರಿಸುವವರೆಗೆ, ಅಂದರೆ ಹೊಸ ಆಟದ ಅಥವಾ ಹೊಸ ಚೆಂಡಿನ ಆರಂಭದವರೆಗೆ, ಎ ಲೇನ್ ಮುಗಿದಿದೆ ಎಂಬ ಸಂಗತಿ ಯಂತ್ರದಲ್ಲಿ ಉಳಿದಿರುತ್ತದೆ. ಅದೇ ರಿಲೇಯ ಇನ್ನೊಂದು ಸ್ವಿಚ್ಚು ಎ ಲೇನಿನ ದೀಪವನ್ನು ಆರಿಸುತ್ತದೆ, ಮತ್ತೊಂದು ಬಹುಶಃ ಒಂದು ಬಂಪರಿನ ದೀಪವನ್ನು ಹೊತ್ತಿಸಿ ಅದರ ಅಂಕವನ್ನು ಹೆಚ್ಚಿಸುತ್ತದೆ.

ಕಾಯಿಲಿಗೆ ಸದಾ ವಿದ್ಯುತ್ತು ಹರಿಯುತ್ತಿದ್ದರೆ ಅದು ಬಿಸಿಯಾಗುತ್ತದೆ. ಇದನ್ನು ತಪ್ಪಿಸಲು ಇನ್ನೊಂದು ಬಗೆಯ ರಿಲೇ ಇದೆ. ಅದರಲ್ಲಿ ಒಂದು ಕ್ಷಣದ ವಿದ್ಯುತ್ತು ಕೊಕ್ಕೆಯೊಂದನ್ನು ಬಿಡಿಸುತ್ತದೆ, ರಿಲೇ ಬಿದ್ದ ಸ್ಥಿತಿಯಲ್ಲಿ ವಿದ್ಯುತ್ತಿನ ನೆರವಿಲ್ಲದೆ ಹಾಗೆಯೇ ಉಳಿಯುತ್ತದೆ. ಇಂಥ ರಿಲೇಗಳನ್ನು ಸಾಲಾಗಿ ಒಂದು ಚೌಕಟ್ಟಿನಲ್ಲಿ ಜೋಡಿಸಿ, ಹೊಸ ಆಟದ ಆರಂಭದಲ್ಲಿ ದೊಡ್ಡ ಕಾಯಿಲೊಂದು ಎಲ್ಲವನ್ನೂ ಒಂದೇ ಏಟಿಗೆ ಎತ್ತಿ ಕೊಕ್ಕೆಗೆ ಸಿಕ್ಕಿಸುತ್ತದೆ. ನಾಣ್ಯ ಹಾಕಿ ಆಟ ಆರಂಭಿಸಿದಾಗ ಯಂತ್ರದ ಹೊಟ್ಟೆಯಿಂದ ಬರುವ ‘ಧಡ್’ ಎಂಬ ಸದ್ದಿನಲ್ಲಿ ಇದರ ಪಾಲೂ ಇದೆ.

ಎಲ್ಲ ಲೇನ್‌ಗಳು ಮುಗಿದವು ಎಂಬುದನ್ನು ಯಂತ್ರ ಹೇಗೆ ತಿಳಿಯುತ್ತದೆ? ಎ, ಬಿ, ಸಿ ರಿಲೇಗಳಲ್ಲಿ ತಲಾ ಒಂದು ಸ್ವಿಚ್ಚನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿರುತ್ತಾರೆ. ಮೂರೂ ಮುಚ್ಚಿದರೆ ಮಾತ್ರ ಸರಣಿಯ ಕೊನೆಯಲ್ಲಿರುವ ‘ಸ್ಪೆಷಲ್’ (ವಿಶೇಷ ಬಹುಮಾನದ) ದೀಪಕ್ಕೂ ಅದರ ಪ್ರತಿಫಲದ ಮಂಡಲಕ್ಕೂ ವಿದ್ಯುತ್ತು ತಲುಪುತ್ತದೆ. ಒಂದು ಬಾಕಿ ಇದ್ದರೂ ದಾರಿ ಮುರಿದೇ ಇರುತ್ತದೆ. ಚೆಂಡುಗಳು ಯಾವ ಕ್ರಮದಲ್ಲಿ ಹಾದವು ಎಂಬುದು ಈ ಸರಣಿಗೆ ಬೇಕಾಗಿಲ್ಲ. ಕ್ರಮವಾಗಿಯೇ ಮುಗಿಸಬೇಕೆಂಬ ಷರತ್ತಿರುವ ಯಂತ್ರಗಳಲ್ಲಿ, ಒಂದೊಂದೇ ಮೆಟ್ಟಿಲು ಮುಂದೆ ಸರಿಯುವ ಸ್ಟೆಪ್ಪರ್ ಘಟಕವಿದ್ದು, ಈಗ ಯಾವ ಲೇನಿನ ಸರದಿಯೋ ಅದರ ಸ್ವಿಚ್ಚು ಮಾತ್ರ ಘಟಕವನ್ನು ಮುಂದಕ್ಕೆ ಸರಿಸುವಂತೆ ತಂತಿ ಎಳೆದಿರುತ್ತಾರೆ.

ಇನ್ನೊಂದು ಬಗೆಯ ಲೇನ್ ಇದೆ. ಅದರ ದೀಪ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಹೊತ್ತುತ್ತದೆ. ಹೊರಲೇನ್‌ಗಳ ‘ಸ್ಪೆಷಲ್’ ಹೀಗೆ ಓಡಾಡುವುದು ಬಹಳ ಯಂತ್ರಗಳಲ್ಲಿ ಕಾಣುತ್ತದೆ. ಇದನ್ನು ಸರಿಸುವುದು ಆ ಲೇನಿನ ಸ್ವಿಚ್ಚಲ್ಲ, ಹಲಗೆಯ ಬೇರೆ ಭಾಗದ 10 ಅಂಕದ ಸ್ವಿಚ್ಚುಗಳಂಥವು. ಬಂಪರಿಗೆ ಚೆಂಡು ಬಡಿದಾಗಲೆಲ್ಲ ದೀಪ ಜಾಗ ಬದಲಿಸುತ್ತದೆ. ಆಟಗಾರನಿಗೆ ಇದು ಅದೃಷ್ಟದಂತೆ ಕಂಡರೂ ಲೆಕ್ಕ ಕಟ್ಟುನಿಟ್ಟಾದದ್ದು. ಚೆಂಡು ಹೊರಲೇನಿನ ಕಡೆ ಹೊರಟಾಗ ನಡುವೆ ಇನ್ನೊಂದು 10 ಅಂಕದ ಸ್ವಿಚ್ಚು ತಾಗುತ್ತದೆಯೇ ಎಂಬುದನ್ನು ನೋಡಿ ಯಾವ ಕಡೆ ದೀಪವಿರುತ್ತದೆ ಎಂದು ಮೊದಲೇ ಹೇಳಬಹುದು.

ಅಂಕದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 10, 100, 1000ದಂಥ ಅಂಕಕ್ಕೆ ಒಂದು ರಿಲೇ ಒಂದು ಸಲ ಮಿಡಿದು ಅಂಕದ ಚಕ್ರವನ್ನು ಒಂದು ಮನೆ ತಿರುಗಿಸಿದರೆ ಸಾಕು. 50 ಅಥವಾ 500 ಅಂಕದ ಲೇನ್ ಆದರೆ, ಸ್ಕೋರ್ ಮೋಟರ್ ತಿರುಗಿ ಅದರ ಹಲ್ಲಿನ ತಟ್ಟೆಗಳು ಐದು ಸಲ ಸ್ವಿಚ್ಚು ಒತ್ತುತ್ತವೆ, ಚಕ್ರ ಐದು ಮನೆ ತಿರುಗುತ್ತದೆ. ಅನೇಕ ಯಂತ್ರಗಳಲ್ಲಿ ಮೋಟರ್ ತಿರುಗುತ್ತಿರುವಷ್ಟು ಹೊತ್ತು ಬೇರೆ ಕೆಲವು ಅಂಕಗಳು ದಾಖಲಾಗುವುದಿಲ್ಲ. ಇದು ದೋಷವಲ್ಲ, ವಿನ್ಯಾಸದ ಮಿತಿ.

ಒಬ್ಬರ ಆಟ, ನಾಲ್ವರ ಆಟ

ರಿಲೇಯ ನೆನಪಿಗೆ ಒಂದು ಬೆಲೆ ಇದೆ: ನೆನಪಿಡಬೇಕಾದ ಪ್ರತಿಯೊಂದಕ್ಕೂ ಒಂದು ರಿಲೇ ಬೇಕು. ಒಬ್ಬರೇ ಆಡುವ ಯಂತ್ರದಲ್ಲಿ ಎ, ಬಿ, ಸಿ ಗುರುತುಗಳನ್ನು ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ಉಳಿಸಿಕೊಳ್ಳಬಹುದು. ನಾಲ್ವರು ಸರದಿಯಂತೆ ಆಡುವ ಯಂತ್ರದಲ್ಲಿ ಅದೇ ಸೌಕರ್ಯ ಬೇಕಾದರೆ ರಿಲೇಗಳು ನಾಲ್ಕು ಪಟ್ಟು ಆಗಬೇಕು. ಅಷ್ಟು ತಂತಿ, ಅಷ್ಟು ಜಾಗ, ಅಷ್ಟು ಖರ್ಚು ಯಾವ ತಯಾರಕರಿಗೂ ಹೊಂದುತ್ತಿರಲಿಲ್ಲ. ಆದ್ದರಿಂದ ಹಲವರು ಆಡುವ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ರತಿ ಚೆಂಡಿನ ಆರಂಭದಲ್ಲಿ ಲೇನ್‌ಗಳ ಗುರುತು ಅಳಿಸಿಹೋಗುತ್ತದೆ; ಒಂದೇ ಚೆಂಡಿನಲ್ಲಿ ಎಲ್ಲವನ್ನೂ ಮುಗಿಸಬೇಕು.

ಆಡುವವರಿಗೆ ಇದರಿಂದ ಬರುವ ತೀರ್ಮಾನ ಸ್ಪಷ್ಟ. ಗುರುತು ಉಳಿಯುವ ಯಂತ್ರದಲ್ಲಿ ಮೊದಲ ಚೆಂಡಿನಿಂದಲೇ ಬಾಕಿ ಇರುವ ಲೇನ್‌ಗಳ ಹಿಂದೆ ಬೀಳುವುದು ಲಾಭ. ಗುರುತು ಅಳಿಯುವ ಯಂತ್ರದಲ್ಲಿ ಚೆಂಡು ತಾನಾಗಿ ಎರಡು ಲೇನ್‌ಗಳನ್ನು ಹಾದುಬಂದ ಮೇಲೆ ಮಾತ್ರ ಮೂರನೆಯದಕ್ಕೆ ಶ್ರಮಪಡಬೇಕು. ಒಬ್ಬರೇ ಆಡುವ ಹಳೆಯ ಯಂತ್ರಗಳ ಆಟ ಹೆಚ್ಚು ಆಳವಾಗಿದೆ ಎಂದು ಅನೇಕರು ಹೇಳುವುದರ ಹಿಂದೆ ಇರುವುದು ಈ ನೆನಪೇ. ನಾನೂ ಆ ಮಾತನ್ನು ಒಪ್ಪುತ್ತೇನೆ.

ಪ್ರತಿಫಲದ ಬಗ್ಗೆ ಒಂದು ಮಾತು ಸೇರಿಸಬೇಕು. ‘ಸ್ಪೆಷಲ್’ ಎಂದರೆ ಹೆಚ್ಚಾಗಿ ಒಂದು ಉಚಿತ ಆಟ. ಅಮೆರಿಕದ ಕೆಲವು ಪ್ರದೇಶಗಳಲ್ಲಿ ಉಚಿತ ಆಟವನ್ನೂ ಜೂಜಿನ ಬಹುಮಾನವೆಂದು ಪರಿಗಣಿಸುತ್ತಿದ್ದುದರಿಂದ, ಅದರ ಬದಲು ಇನ್ನೊಂದು ಚೆಂಡನ್ನು ಕೊಡುವ ಯಂತ್ರಗಳು ಬಂದವು; ಗಾಟ್ಲೀಬ್ ಕಂಪನಿಯ 1960ರ ‘ಫ್ಲಿಪ್ಪರ್’ ಈ ಬಗೆಯದು. ಲೇನುಗಳೂ ರಿಲೇಗಳೂ ಅವೇ, ಸರಣಿಯ ಕೊನೆಯ ತಂತಿ ಹೋಗುವ ಜಾಗ ಮಾತ್ರ ಬೇರೆ.

ಸಾಲಿಡ್ ಸ್ಟೇಟ್ ಯಂತ್ರದ ಲೇನ್

1977ರ ಹೊತ್ತಿಗೆ ದೊಡ್ಡ ತಯಾರಕರು ಮೈಕ್ರೊಪ್ರೊಸೆಸರ್ ಇರುವ, ಅಂದರೆ ಸಾಲಿಡ್ ಸ್ಟೇಟ್, ಯಂತ್ರಗಳಿಗೆ ಹೊರಳಿದರು. ಹಲಗೆಯ ಮೇಲಿನ ತಂತಿ ಹಾಗೆಯೇ ಉಳಿಯಿತು, ಹಲಗೆಯ ಕೆಳಗಿನ ಲೆಕ್ಕ ಬದಲಾಯಿತು. ಪ್ರತಿ ಸ್ವಿಚ್ಚಿಗೂ ಪ್ರತ್ಯೇಕ ತಂತಿ ಎಳೆಯುವ ಬದಲು ಸ್ವಿಚ್ಚುಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳ ಜಾಲದಲ್ಲಿ ಕೂರಿಸಿದರು. ವಿಲಿಯಮ್ಸ್ ಯಂತ್ರಗಳಲ್ಲಿ 8 ಕಂಬಸಾಲು, 8 ಅಡ್ಡಸಾಲು ಸೇರಿ 64 ಸ್ವಿಚ್ಚುಗಳಿಗೆ ಜಾಗವಿದ್ದರೆ, ಆ ಕಾಲದ ಬ್ಯಾಲಿ ಯಂತ್ರಗಳಲ್ಲಿ 5 ಕಂಬಸಾಲು, 8 ಅಡ್ಡಸಾಲು ಸೇರಿ 40ಕ್ಕೆ ಜಾಗವಿತ್ತು. ಪ್ರೊಸೆಸರ್ ಒಂದೊಂದೇ ಕಂಬಸಾಲನ್ನು ಎಚ್ಚರಿಸಿ, ಯಾವ ಅಡ್ಡಸಾಲಿನಲ್ಲಿ ಉತ್ತರ ಬಂದಿದೆ ಎಂದು ನೋಡುತ್ತ, ಇಡೀ ಜಾಲವನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಸುತ್ತಿ ಬರುತ್ತದೆ.

ಜಾಲದ ಪ್ರತಿ ಸ್ವಿಚ್ಚಿನ ಮೇಲೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಅದು ಇಲ್ಲದಿದ್ದರೆ, ಜಾಲದಲ್ಲಿ ಆಯತದ ಮೂರು ಮೂಲೆಗಳಾಗುವಂತೆ ಮೂರು ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿದಾಗ, ವಿದ್ಯುತ್ತು ಹಿಂದು ಮುಂದಾಗಿ ಹರಿದು ನಾಲ್ಕನೆಯ ಮೂಲೆಯ ಸ್ವಿಚ್ಚೂ ಮುಚ್ಚಿದಂತೆ ಪ್ರೊಸೆಸರಿಗೆ ಕಾಣುತ್ತದೆ. ಯಾರೂ ಮುಟ್ಟದ ಲೇನ್ ಅಂಕ ಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಈ ಡಯೋಡನ್ನೇ. ಚೆಂಡು ವೇಗವಾಗಿ ಹಾಯುವ ಸ್ವಿಚ್ಚುಗಳಿಗೆ ಬ್ಯಾಲಿ ಕಂಪನಿ 0.05 ಮೈಕ್ರೊಫ್ಯಾರಡ್‌ನ ಸಣ್ಣ ಕೆಪಾಸಿಟರ್ ಸೇರಿಸುತ್ತಿತ್ತು. ಅದು ಕ್ಷಣಿಕ ಸಂಪರ್ಕವನ್ನು ತುಸು ಉದ್ದ ಮಾಡಿ, ಪ್ರೊಸೆಸರ್ ಸುತ್ತಿ ಬರುವವರೆಗೆ ಹಿಡಿದಿಡುತ್ತದೆ. ದಶಕಗಳ ನಂತರ ಇದೇ ಕೆಪಾಸಿಟರ್ ಒಳಗೆ ಶಾರ್ಟ್ ಆಗಿ, ಸ್ವಿಚ್ಚು ಸದಾ ಮುಚ್ಚಿರುವಂತೆ ತೋರುವುದುಂಟು.

ನೆನಪು ಈಗ ಮೆಮೊರಿ ಚಿಪ್ಪಿನೊಳಗಿನ ಒಂದು ಬಿಟ್. ನಾಲ್ವರು ಆಟಗಾರರ ಗುರುತುಗಳನ್ನು ಬೇರೆಬೇರೆಯಾಗಿ ಉಳಿಸುವುದಕ್ಕೆ ಹೊಸ ರಿಲೇಯೂ ಬೇಡ, ತಂತಿಯೂ ಬೇಡ. ಮೇಲಿನ ಲೇನ್‌ಗಳನ್ನು ಮುಗಿಸಿದರೆ ಬೋನಸ್ ಅಂಕ ಎರಡು, ಮೂರು, ಐದು ಪಟ್ಟು ಹೆಚ್ಚುತ್ತ ಹೋಗುವ ಪದ್ಧತಿ ಈ ಕಾಲದಲ್ಲಿ ಬಲವಾಗಿ ಬೇರೂರಿತು. ಒಳಲೇನನ್ನು ಹಾದರೆ ಎದುರು ಬದಿಯ ಒಂದು ಗುರಿಯ ಬೆಲೆ ಕೆಲವು ಸೆಕೆಂಡು ಹೆಚ್ಚುವಂಥ ಸಮಯಬದ್ಧ ಏರ್ಪಾಡುಗಳೂ ಸುಲಭವಾದವು.

ಫ್ಲಿಪ್ಪರ್ ಗುಂಡಿಯಿಂದ ದೀಪ ಸರಿಸುವುದು

ನೆನಪು ಬಿಟ್ ಆದದ್ದರ ದೊಡ್ಡ ಪರಿಣಾಮ 1980ರಲ್ಲಿ ಕಂಡಿತು. ಸ್ಟೀವ್ ರಿಚಿ ವಿನ್ಯಾಸಗೊಳಿಸಿದ ವಿಲಿಯಮ್ಸ್ ಕಂಪನಿಯ ‘ಫೈರ್‌ಪವರ್’ ಯಂತ್ರದಲ್ಲಿ ಫ್ಲಿಪ್ಪರ್ ಗುಂಡಿ ಒತ್ತಿದಾಗ ಮೇಲಿನ ಲೇನ್‌ಗಳ ಹೊತ್ತಿದ ದೀಪಗಳು ಪಕ್ಕಕ್ಕೆ ಸರಿಯುವ ‘ಲೇನ್ ಚೇಂಜ್’ ಬಂದಿತು. ಚೆಂಡು ಈಗಾಗಲೇ ಮುಗಿದ ಲೇನಿನ ಕಡೆ ಹೊರಟಿದ್ದರೆ, ಆ ಗುರುತನ್ನೇ ಪಕ್ಕಕ್ಕೆ ಸರಿಸಿ, ಬಾಕಿ ಇರುವ ಲೇನನ್ನು ಚೆಂಡಿನ ಕೆಳಗೆ ತಂದು ನಿಲ್ಲಿಸಬಹುದು.

ಇದನ್ನು ಬಳಸುವ ಕ್ರಮ ಹೀಗೆ. ಚೆಂಡು ಮೇಲೆ ಹೋದೊಡನೆ ಕಣ್ಣನ್ನು ಚೆಂಡಿನ ಮೇಲೂ ಲಕ್ಷ್ಯವನ್ನು ಆರಿದ ದೀಪದ ಮೇಲೂ ಇಡಬೇಕು. ಚೆಂಡು ಎರಡು ಗೋಡೆಗಳ ನಡುವೆ ಇಳಿಯುವುದು ಖಚಿತವಾಗುವವರೆಗೆ ಕಾದು, ಅನಂತರ ಎಷ್ಟು ಮನೆ ಸರಿಸಬೇಕೋ ಅಷ್ಟು ಸಲ ಗುಂಡಿ ಒತ್ತಬೇಕು. ಮೊದಲೇ ಒತ್ತಿದರೆ ಚೆಂಡು ಗೋಡೆಯ ರಬ್ಬರಿಗೆ ಬಡಿದು ಪಕ್ಕದ ಲೇನಿಗೆ ಹಾರಿದಾಗ ಲೆಕ್ಕ ಕೆಡುತ್ತದೆ. ಎರಡೂ ಗುಂಡಿಗಳು ದೀಪ ಸರಿಸುತ್ತವೆಯೇ, ಒಂದೇ ಗುಂಡಿಯೇ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಮೊದಲ ಚೆಂಡಿನಲ್ಲೇ ಪರೀಕ್ಷಿಸಿಕೊಳ್ಳಿ. ಕೆಳಗೆ ಇನ್ನೊಂದು ಚೆಂಡು ಆಟದಲ್ಲಿದ್ದರೆ ಗುಂಡಿಯ ಪ್ರತಿ ಒತ್ತಿಗೂ ಫ್ಲಿಪ್ಪರ್ ಏಳುತ್ತದೆ ಎಂಬುದನ್ನು ಮರೆಯಬಾರದು. ಈ ಸೌಕರ್ಯದಿಂದ ಪ್ಲಂಜರಿನ ಕೌಶಲಕ್ಕೆ ಇದ್ದ ಬೆಲೆ ಸ್ವಲ್ಪ ಇಳಿಯಿತು ಎಂಬುದೂ ನಿಜ. ಆದರೆ ಅಲ್ಲಿಯವರೆಗೆ ಚೆಂಡು ಮೇಲಿದ್ದಾಗ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ ಆಟಗಾರನಿಗೆ ಕೆಲಸ ಸಿಕ್ಕಿತು, ಹಾಗಾಗಿ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ಬೇಕಾದ ಲೇನಿಗೆ ಚೆಂಡನ್ನು ಕಳಿಸುವುದು

ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರ 1947ರಲ್ಲಿ ಫ್ಲಿಪ್ಪರನ್ನು ತರುವ ಮೊದಲು ಆಟಗಾರನ ವಶದಲ್ಲಿದ್ದದ್ದು ಪ್ಲಂಜರಿನ ಎಳೆತ ಮತ್ತು ಯಂತ್ರವನ್ನು ಮೆಲ್ಲಗೆ ಅಲುಗಿಸುವುದು, ಇವೆರಡೇ. ಮೇಲಿನ ಲೇನ್‌ಗಳ ವಿಷಯದಲ್ಲಿ ಇವತ್ತಿಗೂ ಮುಖ್ಯ ಸಾಧನಗಳು ಅವೇ. ನ್ಯೂಯಾರ್ಕ್ ನಗರದಲ್ಲಿ 1942ರಿಂದ ಪಿನ್‌ಬಾಲ್ ನಿಷೇಧವಾಗಿತ್ತು. 1976ರ ಏಪ್ರಿಲ್‌ನಲ್ಲಿ, ಇದು ಅದೃಷ್ಟದ ಆಟವಲ್ಲ ಎಂದು ನಗರ ಮಂಡಳಿಯ ಸಮಿತಿಗೆ ತೋರಿಸಲು ಬಂದ ಪತ್ರಕರ್ತ ರೋಜರ್ ಶಾರ್ಪ್, ಪ್ಲಂಜರ್ ಎಳೆಯುವ ಮೊದಲೇ ಚೆಂಡು ಮೇಲಿನ ನಡುವಣ ಲೇನಿನಲ್ಲಿ ಇಳಿಯುತ್ತದೆ ಎಂದು ಹೇಳಿ, ಹಾಗೆಯೇ ಇಳಿಸಿದರು, ನಿಷೇಧ ತೆರವಾಯಿತು. ಆ ಹೊಡೆತದಲ್ಲಿ ಅದೃಷ್ಟವೂ ಕೂಡಿಬಂದಿತ್ತೆಂದು ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಆದರೂ ಆ ಲೇನನ್ನು ಅವರು ಆರಿಸಿಕೊಂಡದ್ದಕ್ಕೆ ಅರ್ಥವಿದೆ: ಆಟಗಾರ ಏನೂ ಅಡ್ಡಿಯಿಲ್ಲದೆ, ಪ್ರತಿ ಚೆಂಡಿಗೂ ಒಂದೇ ಸ್ಥಿತಿಯಿಂದ ಗುರಿಯಿಡಬಹುದಾದ ಜಾಗ ಅದೊಂದೇ.

ಅಭ್ಯಾಸಕ್ಕೆ ಪ್ಲಂಜರನ್ನು ಪೂರ್ತಿ ಎಳೆದು ಬಿಟ್ಟು ನೋಡಿ. ಚೆಂಡು ಕಮಾನಿನ ಕೊನೆಯಲ್ಲಿರುವ ರಬ್ಬರಿಗೆ ಬಡಿದು ಎಷ್ಟು ಹಿಂದಕ್ಕೆ ಬರುತ್ತದೆ, ಯಾವ ಲೇನಿನ ಬಾಯಿಗೆ ಬೀಳುತ್ತದೆ ಎಂಬುದನ್ನು ಗಮನಿಸಿ. ಅನಂತರ ಎಳೆತವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತ, ಪ್ಲಂಜರಿನ ತುದಿ ಅಥವಾ ಸ್ಪ್ರಿಂಗಿನ ಯಾವ ಸುರುಳಿ ಎಲ್ಲಿ ಬಂದಾಗ ಯಾವ ಲೇನ್ ಸಿಗುತ್ತದೆ ಎಂದು ಗುರುತಿಟ್ಟುಕೊಳ್ಳಿ. ಕೈಯನ್ನು ಬಿಡುವಾಗ ಬೆರಳುಗಳು ಒಮ್ಮೆಲೇ ಸರಿಯಬೇಕು, ಜಾರಿಸುತ್ತ ಬಿಟ್ಟರೆ ಅಳತೆ ಪ್ರತಿ ಸಲ ಬೇರೆಯಾಗುತ್ತದೆ. ಚೆಂಡು ಎರಡು ಲೇನ್‌ಗಳ ನಡುವಿನ ಗೋಡೆಯ ರಬ್ಬರನ್ನು ಮುಟ್ಟುವ ಕ್ಷಣದಲ್ಲಿ ಯಂತ್ರವನ್ನು ಪಕ್ಕಕ್ಕೆ ಚಿಕ್ಕದಾಗಿ ಅಲುಗಿಸಿದರೆ ಚೆಂಡು ಬೇಕಾದ ಕಡೆಗೆ ತಿರುಗುತ್ತದೆ. ಏನನ್ನೂ ಮುಟ್ಟದೆ ಉರುಳುತ್ತಿರುವ ಚೆಂಡಿಗೆ ಅಲುಗಾಟ ಏನೂ ಮಾಡದು, ಅತಿಯಾಗಿ ಅಲುಗಿಸಿದರೆ ಆಟ ನಿಲ್ಲಿಸುವ ಟಿಲ್ಟ್ ಲೋಲಕವನ್ನು ಮಾತ್ರ ತೂಗಿಸುತ್ತದೆ.

ಲೇನ್ ಕೆಟ್ಟಾಗ

ಮೊದಲು ಲಕ್ಷಣವನ್ನು ಓದಿ, ಅದು ಸ್ವಿಚ್ಚಿನದೋ, ನೆನಪಿನದೋ, ಪ್ರತಿಫಲದ್ದೋ ಎಂದು ನಿರ್ಧರಿಸಬೇಕು. ಚೆಂಡು ಹಾದರೂ ಅಂಕವೂ ಇಲ್ಲ, ದೀಪವೂ ಬದಲಾಗಲಿಲ್ಲ ಎಂದರೆ ಸ್ವಿಚ್ಚು. ಅಂಕ ಬಂದು ದೀಪ ಬದಲಾಗದಿದ್ದರೆ ಸ್ವಿಚ್ಚಿನ ಎರಡನೆಯ ಜೊತೆ ಪಟ್ಟಿ, ಇಲ್ಲವೇ ರಿಲೇ. ರಿಲೇ ಯಂತ್ರದಲ್ಲಿ ಚೆಂಡು ತಂತಿಯ ಮೇಲಿರುವಷ್ಟು ಹೊತ್ತು ದೀಪ ಆರಿ, ದಾಟಿದೊಡನೆ ಮತ್ತೆ ಹೊತ್ತಿದರೆ, ರಿಲೇ ತನ್ನನ್ನು ಹಿಡಿದುಕೊಳ್ಳುವ ಸ್ವಿಚ್ಚಿನ ಬಿಂದು ಕೊಳೆಯಾಗಿದೆ. ಎಲ್ಲ ಲೇನ್ ಮುಗಿದರೂ ‘ಸ್ಪೆಷಲ್’ ಹೊತ್ತದಿದ್ದರೆ ಸರಣಿಯ ಯಾವುದೋ ಒಂದು ರಿಲೇಯ ಸ್ವಿಚ್ಚು ಮುಟ್ಟುತ್ತಿಲ್ಲ, ಅಥವಾ ಬರೀ ಬಲ್ಬು ಹೋಗಿದೆ. ಒಂದೇ ಹಾಯುವಿಕೆಗೆ ಎರಡು ಸಲ ಅಂಕ ಬಂದರೆ ಬಿಂದುಗಳ ಅಂತರ ತೀರ ಕಡಿಮೆಯಾಗಿ ಪಟ್ಟಿ ಅದುರುತ್ತಿದೆ. ಒಂದು ರಿಲೇ ಬಿಡದೆ ಗುಂಯ್‌ಗುಟ್ಟುತ್ತಿದ್ದರೆ ಲೇನಿನ ಸ್ವಿಚ್ಚು ಮುಚ್ಚಿಯೇ ಉಳಿದಿರಬಹುದು. ಆಗ ತಡಮಾಡದೆ ಯಂತ್ರವನ್ನು ಆರಿಸಬೇಕು, ಇಲ್ಲವಾದರೆ ಕಾಯಿಲ್ ಸುಡುತ್ತದೆ.

ಕೈ ಹಾಕುವಾಗ ಈ ಕ್ರಮ ಅನುಸರಿಸಿ.

1. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಪೆಟ್ಟಿಗೆಯೊಳಗೆ ಮನೆಯ ಪೂರ್ಣ ವೋಲ್ಟೇಜ್ ಬರುವ ಜಾಗಗಳಿವೆ. ಸಾಲಿಡ್ ಸ್ಟೇಟ್ ಯಂತ್ರದಲ್ಲಿ ಇನ್ನೊಂದು ಅಪಾಯವೂ ಇದೆ: ಕಾಯಿಲಿನ ವೋಲ್ಟೇಜ್ ಒಂದು ಸ್ಕ್ರೂಡ್ರೈವರಿನ ಮೂಲಕ ಸ್ವಿಚ್ಚಿನ ಜಾಲಕ್ಕೆ ತಾಗಿದರೆ ಬೋರ್ಡಿನ ಚಿಪ್ಪುಗಳು ಆ ಕ್ಷಣವೇ ಸುಟ್ಟುಹೋಗುತ್ತವೆ.

2. ಗಾಜನ್ನು ಜಾರಿಸಿ ತೆಗೆದು, ಚೆಂಡನ್ನು ಹೊರತೆಗೆದಿಟ್ಟು, ಆಮೇಲೆ ಹಲಗೆಯನ್ನು ಎತ್ತಿ ಅದರ ಆಧಾರದ ಕೋಲಿಗೆ ಭದ್ರವಾಗಿ ನಿಲ್ಲಿಸಿ. ಎತ್ತುವ ಮೊದಲು ತಂತಿಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ಸೀಳುಗಂಡಿಯ ಅಂಚಿಗೆ ಉಜ್ಜುತ್ತಿದ್ದರೆ ಅಥವಾ ಓರೆಯಾಗಿದ್ದರೆ ತೊಂದರೆ ವಿದ್ಯುತ್ತಿನದಲ್ಲ, ತಂತಿಯದು.

3. ಪಟ್ಟಿಗಳನ್ನು ಹಿಡಿದಿರುವ ಎರಡು ಸ್ಕ್ರೂಗಳನ್ನು ಮೊದಲು ಬಿಗಿ ಮಾಡಿ. ಸಡಿಲವಾದ ಕಟ್ಟಿನ ಮೇಲೆ ಮಾಡಿದ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಎಷ್ಟೋ ಸಲ ಬಿಗಿ ಮಾಡುವುದೊಂದರಿಂದಲೇ ಕೆಲಸ ಮುಗಿಯುತ್ತದೆ.

4. ಬಿಂದುಗಳನ್ನು ಶುಚಿ ಮಾಡಿ. ರಿಲೇ ಯುಗದ ಯಂತ್ರದ ಬಿಂದುಗಳನ್ನು ತೆಳುವಾದ ಸಂಪರ್ಕದ ಅರದಿಂದ ಒಂದೆರಡು ಸಲ ಹಗುರವಾಗಿ ಉಜ್ಜಬಹುದು. ಸಾಲಿಡ್ ಸ್ಟೇಟ್ ಯಂತ್ರದ ಬಿಂದುಗಳಿಗೆ ಚಿನ್ನದ ಲೇಪವಿರುತ್ತದೆ, ಅದಕ್ಕೆ ಅರವನ್ನು ತಾಗಿಸಲೇಬಾರದು. ಗಟ್ಟಿ ಕಾಗದದ ತುಂಡೊಂದನ್ನು ಬಿಂದುಗಳ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಎಳೆದರೆ ಸಾಕು. ಕಡಿಮೆ ವೋಲ್ಟೇಜಿನ ಆ ಮಂಡಲದಲ್ಲಿ ಲೇಪ ಹೋದರೆ ಬಿಂದು ಬೇಗ ಕಪ್ಪಾಗಿ ಸಂಪರ್ಕ ಮತ್ತೆ ಮತ್ತೆ ತಪ್ಪುತ್ತದೆ.

5. ಅಂತರ ಹೊಂದಿಸಿ. ತಂತಿ ಒತ್ತುವ ಉದ್ದದ ಪಟ್ಟಿಯನ್ನು ಮುಟ್ಟದೆ, ಎದುರಿನ ಗಿಡ್ಡ ಪಟ್ಟಿಯನ್ನು ಅದರ ಬುಡದ ಹತ್ತಿರ ಹಿಡಿದು ಸ್ವಲ್ಪವೇ ಬಾಗಿಸಿ. ಸುಮ್ಮನಿರುವಾಗ ಬಿಂದುಗಳ ನಡುವೆ ಸುಮಾರು 1ರಿಂದ 1.5 ಮಿಲಿಮೀಟರ್ ಅಂತರವಿರಲಿ. ಒತ್ತಿದಾಗ ಬಿಂದುಗಳು ಮುಟ್ಟಿದ ಮೇಲೂ ಗಿಡ್ಡ ಪಟ್ಟಿ ತುಸು ಹಿಂದಕ್ಕೆ ಸರಿಯಬೇಕು. ಆ ಸರಿತದಲ್ಲಿ ಬಿಂದುಗಳು ಒಂದನ್ನೊಂದು ಉಜ್ಜಿಕೊಂಡು ತಾವೇ ಶುಚಿಯಾಗುತ್ತವೆ.

6. ಉದ್ದದ ಪಟ್ಟಿಯ ಬಿಗಿಯನ್ನು ಚೆಂಡಿನಿಂದಲೇ ಪರೀಕ್ಷಿಸಿ. ಹಲಗೆಯನ್ನು ಕೆಳಗಿಳಿಸಿ, ಚೆಂಡನ್ನು ಲೇನಿನ ಮೇಲ್ಬಾಯಿಯಲ್ಲಿಟ್ಟು, ತಳ್ಳದೆ ಬಿಟ್ಟುಬಿಡಿ. ಅದು ತನ್ನ ತೂಕದಿಂದಲೇ ತಂತಿಯನ್ನು ತಗ್ಗಿಸಿ ದಾಟಬೇಕು. ತಂತಿಯ ಮೇಲೆ ತಡೆದು ನಿಂತರೆ ಬಿಗಿ ಹೆಚ್ಚು, ಚೆಂಡು ದಾಟಿದ ಮೇಲೂ ತಂತಿ ಏಳದಿದ್ದರೆ ಬಿಗಿ ಕಡಿಮೆ.

7. ಯಂತ್ರ ಹೊತ್ತಿಸಿ, ಸಾಲಿಡ್ ಸ್ಟೇಟ್ ಆದರೆ ನಾಣ್ಯದ ಬಾಗಿಲಿನ ಒಳಬದಿಯ ಗುಂಡಿಯಿಂದ ಸ್ವಿಚ್ ಪರೀಕ್ಷೆಗೆ ಹೋಗಿ, ಮುಚ್ಚಿ ಉಳಿದ ಸ್ವಿಚ್ಚಿನ ಸಂಖ್ಯೆ ತೋರುತ್ತದೆಯೇ ನೋಡಿ. ಅಡ್ಡಸಾಲಿನ ಅಥವಾ ಕಂಬಸಾಲಿನ ಸ್ವಿಚ್ಚುಗಳೆಲ್ಲ ಒಟ್ಟಿಗೆ ಸತ್ತಿದ್ದರೆ ತೊಂದರೆ ಲೇನಿನಲ್ಲಿಲ್ಲ, ಆ ಸಾಲಿನ ತಂತಿ ಅಥವಾ ಕನೆಕ್ಟರಿನಲ್ಲಿದೆ. ರಿಲೇ ಯಂತ್ರದಲ್ಲಿ ಇಂಥ ಪರೀಕ್ಷೆ ಇಲ್ಲ. ಅದರ ವಿದ್ಯುತ್ ನಕ್ಷೆಯನ್ನು ಎದುರಿಗಿಟ್ಟುಕೊಂಡು, ಪ್ರತಿ ಲೇನನ್ನೂ ಕೈಯಿಂದ ಒತ್ತಿ, ಯಾವ ರಿಲೇ ಎಳೆದುಕೊಂಡಿತು, ಎಳೆದುಕೊಂಡೇ ಉಳಿಯಿತೇ ಎಂದು ಕಣ್ಣಾರೆ ನೋಡಬೇಕು. ಯಂತ್ರ ಹೊತ್ತಿರುವಾಗ ಒತ್ತಲು ಬಳಸುವುದು ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯಾಗಿರಲಿ.

ಬಲ್ಬು ಬದಲಾಯಿಸುವುದಾದರೆ 44ನೆಯ ಸಂಖ್ಯೆಯ ಬಲ್ಬಿನ ಬದಲು 47ನೆಯ ಸಂಖ್ಯೆಯದನ್ನು ಹಾಕುವುದು ಒಳ್ಳೆಯದು. ಎರಡೂ 6.3 ವೋಲ್ಟಿನವು, ಆದರೆ ಮೊದಲನೆಯದು 250 ಮಿಲಿಆಂಪಿಯರ್ ಎಳೆದರೆ ಎರಡನೆಯದು 150 ಮಾತ್ರ. ಬಿಸಿ ಕಡಿಮೆಯಾಗಿ ಲೇನಿನ ಪ್ಲಾಸ್ಟಿಕ್ ಬಿಲ್ಲೆ ಸೊಟ್ಟಗಾಗುವುದು ತಪ್ಪುತ್ತದೆ. ಕೊನೆಗೆ ಯಂತ್ರದ ಮಟ್ಟ ನೋಡಿ. ಎಡಬಲವಾಗಿ ಹಲಗೆ ತುಸು ವಾಲಿದ್ದರೂ ಮೇಲಿನ ಲೇನ್‌ಗಳಲ್ಲಿ ಒಂದಕ್ಕೇ ಚೆಂಡು ಮತ್ತೆ ಮತ್ತೆ ಬೀಳುತ್ತದೆ. ಹಿಂದುಮುಂದಿನ ಇಳಿಜಾರು ರಿಲೇ ಯುಗದ ಯಂತ್ರಗಳಿಗೆ ಸುಮಾರು 3.5 ಡಿಗ್ರಿ ಇರಲಿ, ನಂತರದ ಯಂತ್ರಗಳಿಗೆ ಅದಕ್ಕಿಂತ ಹೆಚ್ಚು, 6.5 ಡಿಗ್ರಿಯವರೆಗೆ. ಕಾಲಿನ ಸ್ಕ್ರೂಗಳನ್ನು ತಿರುಗಿಸಿ ಮಟ್ಟ ಹೊಂದಿಸಿದ ಮೇಲೆ ಟಿಲ್ಟ್ ಲೋಲಕ ಉಂಗುರದ ನಡುವೆ ಇದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಇಳಿಜಾರು ಬದಲಾದಾಗ ಅದೂ ಜಾಗ ಬಿಟ್ಟು ಸರಿದಿರುತ್ತದೆ.